ಒಳಗ ಹೋಗೂದು ಸರಿ, ಹೊರಗ ಬರೂದು ಯಾವಾಗ?

ಮೊನ್ನೆ ಸಂಜೀಮುಂದ ಹುಬ್ಬಳ್ಳಿ ದುರ್ಗದಬೈಲಿನ್ಯಾಗ ಮಿರ್ಚಿ ತಿನ್ಕೋತ ನಿಂತಿದ್ವಿ, ನಾವು ಮೂರ ಮಂದಿ ದೋಸ್ತರು, ಜೊತಿಗೆ ನಮ್ಮ ಓಣಿ ಮಿಲಿಟರಿ ಕಾಕಾ. ಮೊಬೈಲಿನ್ಯಾಗ ಯಾವುದೋ ಯುದ್ಧದ ವಿಡಿಯೋ ಬಂತು, ಅಲ್ಲಿಂದ ಹತ್ತಿತು ನೋಡ್ರಿ ಜಗಳ. ಒಬ್ಬಂವ ಅಂದ, "ಅಷ್ಟ ದೊಡ್ಡ ಮಿಲಿಟರಿ ಇಟ್ಕೊಂಡು ಅಮೆರಿಕಾ ಸುಮ್ನ ನೋಡ್ಕೋತ ಕುಂತ್ರ ಏನ್ ಬಂತು, ನಡುವ ಹೋಗಿ ಎರಡೂ ಕಡೆ ನಾಲ್ಕ ಬಾರಿಸಿ ಬಿಡಿಸಬೇಕಪಾ." ಇನ್ನೊಬ್ಬಂವ ಅಂದ, "ಲೇ, ಅವ್ರು ಬಿಡಸಾಕ ಹೋದ ಊರಾಗ ಒಂದ ಮನಿ ನೆಟ್ಟಗ ಉಳದಿದ್ದು ತೋರ್ಸು ನನಗ." ಕಾಕಾ ಏನೂ ಅನ್ಲಿಲ್ಲ, ಗಿರ್ಮಿಟ್ ಮುಗಿಸಿ ಕೈ ತೊಳ್ಕೊಂಡ್ರು. ಅವರು 1987ರಾಗ ಶ್ರೀಲಂಕಾಕ್ಕ ಹೋಗಿ ಬಂದವ್ರು, ಗಾಡಿ ರಿಪೇರಿ ಮಾಡೂ ಯೂನಿಟ್‌ನ್ಯಾಗ ಇದ್ದವ್ರು. ಅವರ ಮಾತು ಆಮ್ಯಾಲೆ ಬರ್ತೈತಿ.

ಇಬ್ಬರೂ ಹೇಳಿದ್ದು ಅರ್ಧರ್ಧ ಖರೆ ಅನಸ್ತು ನನಗ. ಮನಿಗೆ ಬಂದ ಮ್ಯಾಲೂ ತಲ್ಯಾಗ ಅದ ಓಡಾಕತ್ತಿತ್ತು, ಅದಕ್ಕ ನನಗ ತಿಳಿದಷ್ಟು ಬಿಡಿಸಿ ಬರ್ಯಾಕತ್ತೀನಿ.

ದೂರದ ಯುದ್ಧ ನಮಗ್ಯಾಕ ಅನ್ನೂಹಂಗಂತೂ ಇಲ್ಲ. 2022ರ ಫೆಬ್ರವರಿ 24ಕ್ಕ ರಷ್ಯಾ ಉಕ್ರೇನ್ ಒಳಗ ಹೊಕ್ಕಿತು, ಒಂದ ವಾರ ತುಂಬೂದ್ರಾಗ ಖಾರ್ಕಿವ್ ಊರಾಗ ನಮ್ಮ ಹಾವೇರಿ ಜಿಲ್ಲಾದ ಮೆಡಿಕಲ್ ಓದೂ ಹುಡುಗ ಶೆಲ್ ದಾಳಿಗೆ ಸತ್ತ, ತಿನ್ನಾಕ ಏನರ ತರೋಣಂತ ಹೊರಗ ಹೋದಂವ. ಇಲ್ಲಿ ಸೀಟ್ ರೇಟ್ ನೋಡಿ ಗಾಬರಿ ಆಗಿ ಅಲ್ಲಿಗೆ ಹೋದ ಮಕ್ಕಳು ಎಷ್ಟ ಮಂದಿ ಇದ್ರು ಅಂತ ನಮ್ಮ ಕಡೆ ಮಂದಿಗೆ ಅವತ್ತ ಗೊತ್ತಾತು. ಅದ ಹೊತ್ತಿನ್ಯಾಗ ಸೂರ್ಯಪಾನ ಎಣ್ಣಿ ರೇಟು ಒಮ್ಮಿಗೇ ಏರ್ತು, ಯಾಕಂದ್ರ ನಮ್ಮ ದೇಶ ಹೊರಗಿಂದ ತರಸ್ಕೊಳ್ಳೂ ಸೂರ್ಯಪಾನ ಎಣ್ಣ್ಯಾಗ ಹೆಚ್ಚಿನ ಪಾಲು ಉಕ್ರೇನ್, ರಷ್ಯಾ ಕಡೆಯಿಂದ ಬರ್ತಿತ್ತು. ನಾವು ತಿನ್ನೂ ಮಿರ್ಚಿ ಅಂಗಡಿಯಂವ ರೇಟ್ ಏರ್ಸಲಿಲ್ಲ, ಪ್ಲೇಟಿನ್ಯಾಗ ನಾಲ್ಕ ಇದ್ದಿದ್ದು ಮೂರ ಮಾಡಿದ. ಕೇಳಿದ್ರ "ಉಕ್ರೇನ್‌ದವ್ರಿಗೆ ಕೇಳ್ರಿ" ಅಂದ.

ಆವಾಗೂ ಎಲ್ಲಾರೂ ಕೇಳಿದ ಪ್ರಶ್ನೆ ಒಂದ, ನ್ಯಾಟೋ, ಅಂದ್ರ ಅಮೆರಿಕಾ, ಯುರೋಪ್ ಕಡೆ ದೇಶಗಳ ಮಿಲಿಟರಿ ಕೂಟ, ಯಾಕ ನಡುವ ಬರವಲ್ದು, ಹೋಗ್ಲಿ ನೋ-ಫ್ಲೈ ಝೋನ್ ಆದ್ರೂ ಮಾಡಬಾರದೇನು ಅಂತ. ಈ ನೋ-ಫ್ಲೈ ಝೋನ್ ಅನ್ನೂದು ಕೇಳಾಕ ಟ್ರಾಫಿಕ್ ಪೊಲೀಸರು ಹಾಕೂ ಬೋರ್ಡಿನಂಗ ಕೇಳಸ್ತೈತಿ, ಈ ಆಕಾಶದಾಗ ವಿಮಾನ ಹಾರಸ್ಬ್ಯಾಡ್ರಿ ಅಂತ. ಆದ್ರ ಬೋರ್ಡ್ ಹಾಕಿದ್ರ ಯಾರ ಕೇಳ್ತಾರ? ಹಾರಿದ ವಿಮಾನ ಹೊಡದ ಇಳಸ್ಬೇಕು. ಅದಕ್ಕಿಂತ ಮೊದಲ, ನಿಮ್ಮ ವಿಮಾನ ಹೊಡ್ಯಾಕ ನೆಲದ ಮ್ಯಾಲೆ ಅವರು ಇಟ್ಟಿರೂ ರೆಡಾರು, ಮಿಸೈಲು ಎಲ್ಲಾ ನಾಶ ಮಾಡಬೇಕು. 2011ರಾಗ ಲಿಬಿಯಾದಾಗ ಹಂಗ ಆತು, ನೋ-ಫ್ಲೈ ಝೋನ್ ಶುರು ಆಗಿದ್ದ ಕ್ರೂಸ್ ಮಿಸೈಲ್ ಬಿಟ್ಟು. ಅಂದ್ರ ಅದು ಯುದ್ಧನ, ಹೆಸರು ಅಷ್ಟ ಸಣ್ಣದು. ಉಕ್ರೇನಿನ್ಯಾಗ ಅದನ್ನ ಮಾಡಿದ್ರ ಅಮೆರಿಕಾದ ಪೈಲಟ್ ರಷ್ಯಾದ ವಿಮಾನ ಹೊಡಿಬೇಕಾಗ್ತಿತ್ತು, ಎರಡೂ ಕಡೆ ಅಣುಬಾಂಬು. ಅದಕ್ಕ ಅವರು ಬರೇ ಹತಾರ, ರೊಕ್ಕ, ಮಾಹಿತಿ ಕೊಟ್ಟು ದೂರ ನಿಂತ್ರು. ಇದೂ ಒಂದ ಥರದ ಕೈ ಹಾಕೂದ ಮತ್ತ. ಹತಾರ ಕೊಡೂದು, ಟ್ರೇನಿಂಗ್ ಕೊಡೂದು, ಮ್ಯಾಲಿಂದ ಬಾಂಬ್ ಹಾಕೂದು, ಕಡೀಕ ಸೈನಿಕರ್ನ ನೆಲಕ್ಕ ಇಳಸೂದು, ಹಿಂಗ ಮೆಟ್ಟಲ ಮೆಟ್ಟಲ ಐತಿ ಇದು, ಮತ್ತ ಒಂದ ಮೆಟ್ಟಲ ಇಳದವ್ರಿಗೆ ಮುಂದಿನ ಮೆಟ್ಟಲ ಭಾಳ ಸಣ್ಣದು ಅನಸ್ತೈತಿ, ಅಲ್ಲೇ ಸಿಗಬೀಳೂದು.

ನಮ್ಮ ದೋಸ್ತ ಹೇಳಿದ "ಬಿಡಿಸಬೇಕಪಾ" ಅನ್ನೂ ಮಾತಿಗೆ ಬರೋಣ. ಅವನ ತಲ್ಯಾಗ ಇದ್ದಿದ್ದು ಓಣಿ ಜಗಳ. ಅಣ್ಣತಮ್ಮಂದ್ರು ಬದುವಿನ ಸಲುವಾಗಿ ಕುಡಗೋಲ ಹಿಡ್ಕೊಂಡ್ರ ಓಣ್ಯಾಗಿನ ಗಟ್ಟಿ ಮನಶ್ಯಾ ನಡುವ ಹೋಗಿ ಕೈ ಹಿಡೀತಾನ, ಹಿಡೀಲಿಲ್ಲಂದ್ರ ನಾಳೆ ಅವಂಗ ಮಂದಿ "ನಿಂತ ನೋಡಿದೇನೋ" ಅಂತಾರ. ಸರಿ. ಆದ್ರ ಓಣ್ಯಾಗ ಏನ್ ಐತಿ ಅಂದ್ರ ಹಿಂದ ಠಾಣೆ ಐತಿ, ಕೋರ್ಟ್ ಐತಿ, ಹಿರೇರು ಅದಾರ. ಆ ಗಟ್ಟಿ ಮನಶ್ಯಾ ಜಗಳ ಬಿಡ್ಸಿ ಆಮ್ಯಾಲೆ ತಮ್ಮನ ಪಡಸಾಲ್ಯಾಗ ಹಾಸಿಗಿ ಹಾಸ್ಕೊಂಡು "ನಾ ಇಲ್ಲೇ ಇರ್ತೀನಿ, ನಿಮ್ಮ ಹೊಲಾ ನಾನ ನೋಡ್ಕೋತೀನಿ" ಅಂದ್ರ ಅವನ್ನ ಎಬ್ಬಸಾಕ ಯಾರರ ಅದಾರ. ದೇಶ ದೇಶದ ನಡುವ ಆ ಎಬ್ಬಸೂ ಮನಶ್ಯಾ ಇಲ್ಲ. ಓಣಿ ಉದಾಹರಣೆ ಮುರಿಯೂದ ಅಲ್ಲಿ.

ಇಲ್ಲ ಅಂದ್ರ ಪೂರಾ ಇಲ್ಲ ಅಂತಲ್ಲ, ಕಾಗದದ ಮ್ಯಾಲೆ ಐತಿ. 1945ರಾಗ ವಿಶ್ವಸಂಸ್ಥೆ ಮಾಡೂಮುಂದ ಬರದ ಸನ್ನದಿನ್ಯಾಗ ಸ್ಪಷ್ಟ ಐತಿ, ಯಾವ ದೇಶಾನೂ ಇನ್ನೊಂದು ದೇಶದ ಮ್ಯಾಲೆ ಬಲ ಬಳಸಬಾರದು ಅಂತ. ಅದಕ್ಕ ಬಿಟ್ಟಿದ್ದು ಎರಡ ಬಾಗಲ. ಒಂದು, ನಿಮ್ಮ ಮ್ಯಾಲೆ ದಾಳಿ ಆದ್ರ ಸ್ವರಕ್ಷಣೆ, 51ನೇ ಕಲಮು. ಇನ್ನೊಂದು, ಭದ್ರತಾ ಮಂಡಳಿ ಒಪ್ಪಿಗಿ ಕೊಟ್ರ. ಆ ಮಂಡಳ್ಯಾಗ 15 ದೇಶ, ಠರಾವು ಪಾಸಾಗಾಕ 9 ಓಟ ಬೇಕು, ಆದ್ರ ಅಮೆರಿಕಾ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಈ ಐದರಾಗ ಒಂದು ಬ್ಯಾಡ ಅಂದ್ರ ಉಳದ 14 ಹೂಂ ಅಂದ್ರೂ ಮುಗೀತು, ವೀಟೋ. ಹಿಂಗಾಗಿ ಏನಾಗೈತಿ ಅಂದ್ರ ಯಾರು ಹೆಚ್ಚ ಬಡದಾಡ್ತಾರೋ ಅವರ ಕೈಯಾಗ ಠಾಣೆ ಕೀಲಿಕೈ ಐತಿ. ಸಿರಿಯಾ ವಿಷಯ ಬಂದಾಗ ರಷ್ಯಾ ವೀಟೋ, ಗಾಜಾ ವಿಷಯ ಬಂದಾಗ ಅಮೆರಿಕಾ ವೀಟೋ, ಉಕ್ರೇನ್ ವಿಷಯದಾಗಂತೂ ದಾಳಿ ಮಾಡಿದ ರಷ್ಯಾನ ಕೈ ಎತ್ತಿ ಠರಾವು ಬೀಳಿಸ್ತು, ಅದ ತಿಂಗಳು ಮಂಡಳಿ ಅಧ್ಯಕ್ಷನೂ ಅದ.

ಇನ್ನ ಈ "ನಿಮ್ಮ ಒಳ್ಳೇದಕ್ಕ ಬಂದೀವಿ" ಅನ್ನೂ ಮಾತು ನಮಗೇನು ಹೊಸಾದಲ್ಲ. ಧಾರವಾಡದಿಂದ ಪಿಬಿ ರೋಡಿನ್ಯಾಗ ಬೆಳಗಾವಿ ಕಡೆ ಹೊಂಟ್ರ ಕಿತ್ತೂರು ಸಿಗ್ತೈತಿ. 1824ರಾಗ ಅಲ್ಲಿಯ ದೇಸಾಯಿ ತೀರ್ಕೊಂಡ ಮ್ಯಾಲೆ ದತ್ತಕ ತಗೊಂಡ ಮಗನ್ನ ಒಪ್ಪೂದಿಲ್ಲ ಅಂದಂವ ಧಾರವಾಡದಾಗ ಕುಂತಿದ್ದ ಕಂಪನಿ ಕಲೆಕ್ಟರ್ ಥ್ಯಾಕರೆ. ಅಂವ ಬಂದಿದ್ದು ನಾ ನಿಮ್ಮ ರಾಜ್ಯಾ ನುಂಗಾಕ ಬಂದೀನಿ ಅಂತ ಹೇಳಿ ಅಲ್ಲ. ವಾರಸುದಾರಿಕಿ ಸರಿ ಇಲ್ಲ, ಖಜಾನಿಗೆ ಸೀಲ್ ಹಾಕ್ತೀನಿ, ನಮ್ಮ ಮಂದಿ ಕಾವಲ ನಿಂದರ್ತಾರ, ಎಲ್ಲಾ ಕಾಯ್ದೇ ಪ್ರಕಾರ. ಅಕ್ಟೋಬರ್ 23ಕ್ಕ ಕೋಟಿ ಬಾಗಲದಾಗ ಅವನ ಹೆಣ ಬಿತ್ತು, ಆದ್ರ ಡಿಸೆಂಬರದಾಗ ದೊಡ್ಡ ಫೌಜು ತಂದು ಕೋಟಿ ತಗೊಂಡ್ರು, ಚೆನ್ನಮ್ಮ ಬೈಲಹೊಂಗಲದ ಸೆರ್ಯಾಗ 1829ರಾಗ ತೀರ್ಕೊಂಡ್ಳು. ನರಗುಂದದಾಗ 1858ರಾಗ ಆಗಿದ್ದೂ ದತ್ತಕದ್ದ ಕತಿ. ಈಗ ಟಿವ್ಯಾಗ ಯಾರರ ಪ್ರಜಾಪ್ರಭುತ್ವ ಉಳಿಸಾಕ, ಹೆಣ್ಣಮಕ್ಕಳ ಹಕ್ಕಿಗೆ, ಅಲ್ಪಸಂಖ್ಯಾತರ ರಕ್ಷಣೆಗೆ ಅಂದಾಗ ನನಗ ಮೊದಲು ನೆನಪಾಗೂದು ಆ ಖಜಾನಿ ಸೀಲು. ಕಾರಣ ಸುಳ್ಳ ಇರ್ತೈತಿ ಅಂತಲ್ಲ, ಎಷ್ಟೋ ಸಲ ಖರೇನ ಇರ್ತೈತಿ, ಆದ್ರ ಕಾರಣದ ಜೊತಿಗೆ ಕೀಲಿಕೈ ಯಾರ ಕೈಗೆ ಹೋತು ಅಂತ ನೋಡಬೇಕಾಗ್ತೈತಿ.

ಹಂಗಂತ ನಾವು ಯಾವಾಗ್ಲೂ ಆ ಕಡೆನ ನಿಂತವ್ರಲ್ಲ. 1961ರಾಗ ಗೋವಾಕ್ಕ ಸೈನ್ಯ ಕಳಿಸಿದಾಗ, ಸುಮಾರು 36 ತಾಸಿನ್ಯಾಗ ಪೋರ್ಚುಗೀಸರ 450 ವರ್ಷದ ಆಳ್ವಿಕಿ ಮುಗೀತು, ನಮಗದು ವಿಮೋಚನೆ, ಅಮೆರಿಕಾ ಬ್ರಿಟನ್‌ಗಳಿಗೆ ಅದು ಭಾರತದ ದಾಳಿ. ಭದ್ರತಾ ಮಂಡಳ್ಯಾಗ ನಮ್ಮ ವಿರುದ್ಧ ಠರಾವು ಬಂತು, ಸೋವಿಯತ್ ಒಕ್ಕೂಟ ವೀಟೋ ಹಾಕಿ ಉಳಿಸ್ತು. ವೀಟೋಕ್ಕ ಬೈಯೂಮುಂದ ಇದನ್ನೂ ನೆನಪ ಇಟ್ಕೋಬೇಕು.

1971 ಇನ್ನೂ ದೊಡ್ಡದು. ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೈನ್ಯ ಢಾಕಾದಾಗ ತನ್ನದ ಮಂದಿ ಮ್ಯಾಲೆ ಗುಂಡ ಹಾರ್ಸಾಕ ಶುರು ಮಾಡ್ತು, ಮುಂದ ಒಂಬತ್ತ ತಿಂಗಳಿನ್ಯಾಗ ಸುಮಾರು ಒಂದ ಕೋಟಿ ಮಂದಿ ಗಡಿ ದಾಟಿ ನಮ್ಮ ಕಡೆ ಬಂದ್ರು. ಒಂದ ಕೋಟಿ ಅಂದ್ರ ಇವತ್ತಿನ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲಾ ಕೂಡಿಸಿದ್ರೂ ಅದರ ಅರ್ಧ ಆಗೂದು ಕಷ್ಟ, ಅಷ್ಟ ಮಂದಿಗೆ ಅನ್ನ, ಔಷಧ, ತಾಡಪತ್ರಿ ಎಲ್ಲಿಂದ ತರ್ತೀರಿ. ಭಾರತ ಮೊದಲ ಅಲ್ಲಿಯ ಬಂಗಾಳಿ ಹೋರಾಟಗಾರರ ಪಡೆ ಮುಕ್ತಿ ಬಾಹಿನಿಗೆ ಟ್ರೇನಿಂಗ್ ಕೊಟ್ಟಿತು, ಆಗಸ್ಟ್‌ನ್ಯಾಗ ಸೋವಿಯತ್ ಜೊತಿಗೆ ಒಪ್ಪಂದ ಮಾಡ್ಕೊಂಡಿತು, ಡಿಸೆಂಬರ್ 3ಕ್ಕ ಪಾಕಿಸ್ತಾನದ ವಿಮಾನ ನಮ್ಮ ಏರ್‌ಫೀಲ್ಡಿನ ಮ್ಯಾಲೆ ಬಾಂಬ್ ಹಾಕಿದ ಮ್ಯಾಲೆ ಪೂರಾ ಯುದ್ಧ, 16ನೇ ತಾರೀಖಿಗೆ ಢಾಕಾದಾಗ ಶರಣಾಗತಿ, 93,000 ಮಂದಿ ಕೈದಿ. ಜಗತ್ತು ಆವಾಗ ಚಪ್ಪಾಳೆ ಹೊಡೀತು ಅಂತ ತಿಳ್ಕೊಂಡ್ರ ತಪ್ಪು. ವಿಶ್ವಸಂಸ್ಥೆ ಸಾಮಾನ್ಯ ಸಭ್ಯಾಗ ಯುದ್ಧ ನಿಲ್ಲಸ್ರಿ ಅನ್ನೂ ಠರಾವಿಗೆ 104 ದೇಶ ಹೂಂ ಅಂದ್ವು, ಬ್ಯಾಡ ಅಂದಿದ್ದು ನಾವು ಸೇರಿ 11. ಅಮೆರಿಕಾ ಎಂಟರ್‌ಪ್ರೈಸ್ ಅನ್ನೂ ಹಡಗ ಬಂಗಾಳ ಕೊಲ್ಲಿ ಕಡೆ ಕಳಿಸ್ತು.

ಭಾರತ ಹೋಗಿದ್ದು ಬರೇ ದಯಾಕ್ಕ ಏನು? ಅಲ್ಲ ಬಿಡ್ರಿ. ಪಾಕಿಸ್ತಾನ ಎರಡ ತುಂಡ ಆದ್ರ ನಮಗ ಲಾಭ ಅನ್ನೂದು ಸಣ್ಣ ಹುಡುಗ್ರಿಗೂ ಗೊತ್ತಿತ್ತು. ಆದ್ರ ಸ್ವಾರ್ಥ ಇದ್ದ ಮಾತ್ರಕ್ಕ ಕೆಲಸ ಕೆಟ್ಟದು ಆಗೂದಿಲ್ಲ, ಸ್ವಾರ್ಥ ಇಲ್ದ ಯಾವ ದೇಶಾನೂ ತನ್ನ ಮಕ್ಕಳನ್ನ ಸಾಯಾಕ ಕಳಸೂದಿಲ್ಲ. ನನಗ 1971ರಾಗ ಮುಖ್ಯ ಅನಸೂದು ಯುದ್ಧ ಗೆದ್ದಿದ್ದಲ್ಲ, 1972ರ ಮಾರ್ಚಿನ್ಯಾಗ ನಮ್ಮ ಸೈನ್ಯ ಬಾಂಗ್ಲಾದೇಶ ಬಿಟ್ಟು ಬಂದಿದ್ದು. ಗೆದ್ದ ಮೂರ ತಿಂಗಳಿಗೆ. ಅಲ್ಲಿ ಆಳಾಕ ಅಲ್ಲಿಯವ್ರ ಇದ್ರು, ಮಂದಿ ಓಟ ಹಾಕಿ ಗೆಲ್ಲಿಸಿದ ಮುಜೀಬ್ ಇದ್ರು, ಜನವರ್ಯಾಗ ಜೇಲಿಂದ ಬಂದು ಕುರ್ಚಿ ಮ್ಯಾಲೆ ಕುಂತ್ರು. ನಾವು ಹೋಗಿ ಯಾರನ್ನೋ ತಂದು ಕೂಡ್ರಸಬೇಕಾದ ಗರಜು ಬೀಳ್ಲಿಲ್ಲ.

ಇದನ್ನ ಕಾಂಬೋಡಿಯಾ ಜೊತಿಗೆ ಇಟ್ಟ ನೋಡ್ರಿ. ಅಲ್ಲಿ ಪೋಲ್ ಪಾಟ್‌ನ ಖ್ಮೇರ್ ರೂಜ್ ಸರ್ಕಾರ ನಾಲ್ಕ ವರ್ಷದಾಗ ಹದಿನೈದು ಲಕ್ಷದ ಮ್ಯಾಲೆ ತನ್ನದ ಮಂದೀನ ಕೊಂದಿತ್ತು, 1978ರ ಡಿಸೆಂಬರದಾಗ ವಿಯೆಟ್ನಾಂ ಒಳಗ ಹೊಕ್ಕು 1979ರ ಜನವರ್ಯಾಗ ಅದನ್ನ ಓಡಿಸ್ತು, ಪುಣ್ಯದ ಕೆಲಸ. ಆದ್ರ ವಾಪಸ್ ಹೋಗಿದ್ದು 1989ಕ್ಕ. ಹತ್ತ ವರ್ಷ. ಅಷ್ಟರಾಗ ಬಿಡಸಾಕ ಬಂದವ್ರು ಅನ್ನೂ ಹೆಸರು ಹೋಗಿ ಕುಂತ ಬಿಟ್ಟವ್ರು ಅನ್ನೂ ಹೆಸರು ಬಂದಿತ್ತು.

ಈಗ ಕಾಕಾನ ಕತಿ. ಇದನ್ನ ಅವರು ಅವತ್ತ ರಾತ್ರಿ ಕಟ್ಟಿ ಮ್ಯಾಲೆ ಕುಂತಾಗ ಹೇಳಿದ್ರು, ಅಂಗಡಿ ಮುಂದ ಅಲ್ಲ.

ಶ್ರೀಲಂಕಾದಾಗ ತಮಿಳರ ಮ್ಯಾಲೆ ನಡದ ದಬ್ಬಾಳಿಕಿ ಖರೆ, 1983ರ ಗಲಭ್ಯಾಗ ಸಾವಿರಾರು ಮನಿ ಸುಟ್ಟಿದ್ದು ಖರೆ. ಭಾರತ ಒಳಗಿಂದೊಳಗ ತಮಿಳು ಹುಡುಗ್ರಿಗೆ ಹತಾರ, ಟ್ರೇನಿಂಗ್ ಕೊಟ್ಟಿದ್ದೂ ಖರೆ, ಅದು ನಾನು ಹೇಳಿದ ಮೊದಲ್ನೇ ಮೆಟ್ಟಲ. 1987ರ ಜೂನ್‌ನ್ಯಾಗ ಜಾಫ್ನಾ ಮ್ಯಾಲೆ ವಿಮಾನದಿಂದ ಅಕ್ಕಿ ಬ್ಯಾಳಿ ಉದರ್ಸಿದ್ವಿ, ಎರಡನೇ ಮೆಟ್ಟಲ. ಜುಲೈ 29ಕ್ಕ ಕೊಲಂಬೋದಾಗ ರಾಜೀವ್ ಗಾಂಧಿ, ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕ ಸಹಿ ಹಾಕಿದ್ರು, ನಮ್ಮ ಶಾಂತಿ ಪಡೆ ಹಡಗ ಹತ್ತಿತು. ಮರುದಿನ ಗಾರ್ಡ್ ಆಫ್ ಆನರ್ ನೋಡೂಮುಂದ ಒಬ್ಬ ಸಿಂಹಳ ನಾವಿಕ ಬಂದೂಕಿನ ಹಿಡಿಕಿಯಿಂದ ರಾಜೀವ್ ಗಾಂಧಿಗೆ ಹೊಡದ, ಅವರು ಬಗ್ಗಿದ್ರಂತ ಉಳದ್ರು. ಎಚ್ಚರಿಕಿ ಗಂಟಿ ಅಂದ್ರ ಅದ ಆಗಿತ್ತು, ಕೇಳಸ್ಕೊಂಡವ್ರು ಯಾರು.

"ಮೊದಲ ವಾರ ಜಾಫ್ನಾದಾಗ ಮಂದಿ ನಮ್ಮ ಟ್ರಕ್ಕಿಗೆ ಹಾರ ಹಾಕಿದ್ರಪಾ" ಅಂದ್ರು ಕಾಕಾ. "ಹೆಣ್ಣಮಕ್ಕಳು ಆರತಿ ಎತ್ತಿದ್ರು. ದೀಪಾವಳಿ ಬರೂದ್ರಾಗ ಅದ ರೋಡಿನ್ಯಾಗ ನೆಲಬಾಂಬು ಇಟ್ಟಿದ್ರು. ನಾ ರಿಪೇರಿ ಮಾಡಿ ಕಳಿಸಿದ ಗಾಡಿ ಮೂರನೇ ದಿನಕ್ಕ ತುಂಡ ತುಂಡ ಆಗಿ ಬರ್ತಿತ್ತು. ಗಾಡ್ಯಾಗಿದ್ದವ್ರು ಎಲ್ಲಿ ಅಂತ ನಾವು ಕೇಳ್ತಿದ್ದಿಲ್ಲ."

ಯಾಕ ಹಿಂಗಾತು? ನಮ್ಮವ್ರು ಹೋಗಿದ್ದು ಎರಡೂ ಕಡೆಯವ್ರ ನಡುವ ನಿಂತು ಹತಾರ ಒಪ್ಪಿಸ್ಕೊಳ್ಳಾಕ. ತಮಿಳು ಹುಲಿಗಳ ಗುಂಪು ಎಲ್‌ಟಿಟಿಇ ಹತಾರ ಕೊಡಲಿಲ್ಲ, ಒಪ್ಪಂದಕ್ಕ ಸಹಿ ಹಾಕಿದವ್ರು ಎರಡ ಸರ್ಕಾರ, ಬಂದೂಕ ಹಿಡದವ್ರು ಸಹಿನ ಹಾಕಿರಲಿಲ್ಲ. ಅಕ್ಟೋಬರಿನ್ಯಾಗ ನಡುವ ನಿಂತವ್ರ ಒಂದ ಕಡೆಯವ್ರಾಗಿ ಬಡದಾಡಾಕ ಹತ್ತಿದ್ರು. ಜಾಫ್ನಾ ಯೂನಿವರ್ಸಿಟಿ ಮೈದಾನದಾಗ ರಾತ್ರಿ ಹೆಲಿಕಾಪ್ಟರಿನಿಂದ ಇಳದ ಸಿಖ್ ಲೈಟ್ ಇನ್‌ಫಂಟ್ರಿ ತುಕಡ್ಯಾಗ ಒಬ್ಬನ್ನ ಬಿಟ್ಟು ಉಳದವ್ರೆಲ್ಲಾ ಸತ್ರು, ನಾವು ಬರ್ತೀವಂತ ಎದುರಿನವ್ರಿಗೆ ಮೊದಲ ಗೊತ್ತಿತ್ತು. ಮುಂದ ಪ್ರೇಮದಾಸ ಅಧ್ಯಕ್ಷ ಆದ ಮ್ಯಾಲೆ ಇನ್ನೂ ವಿಚಿತ್ರ, ನಮ್ಮನ್ನ ಕರಸ್ಕೊಂಡ ಸರ್ಕಾರನ ನಮ್ಮ ವಿರುದ್ಧ ಹೊಡದಾಡೂ ಎಲ್‌ಟಿಟಿಇಗೆ ಹತಾರ ಕೊಟ್ಟಿತು, 1989ರಾಗ ನೀವು ಹೋಗ್ರಿ ಅಂದಿತು. 1990ರ ಮಾರ್ಚಿಗೆ ಕಡೇ ಹಡಗ ವಾಪಸ್ ಬಂತು. ಅಷ್ಟರಾಗ ಸುಮಾರು 1,200 ಸೈನಿಕರು ಸತ್ತಿದ್ರು. ಮದ್ರಾಸ್ ಬಂದರದಾಗ ಇಳದಾಗ ಸ್ವಾಗತಕ್ಕ ಮುಖ್ಯಮಂತ್ರಿ ಬರಲಿಲ್ಲ, ಯಾಕಂದ್ರ ಇವರು ತಮಿಳರನ್ನ ಕೊಂದು ಬಂದವ್ರು ಅನ್ನೂ ಸಿಟ್ಟ ಇತ್ತು. ತಮಿಳರನ್ನ ಉಳಸಾಕ ಅಂತ ಹೋದವ್ರಿಗೆ. 1991ರ ಮೇ 21ಕ್ಕ ಶ್ರೀಪೆರಂಬದೂರಿನ್ಯಾಗ ರಾಜೀವ್ ಗಾಂಧಿಗೆ ಏನಾತು ಅಂತ ನಾ ಹೇಳೂ ಅವಶ್ಯಕತಾ ಇಲ್ಲ.

ಅದ ದೇಶ, ಅದ ಸೈನ್ಯ, ಹದಿನಾರ ವರ್ಷದ ಅಂತರ. 1971ರಾಗ ಎದುರಿನವ್ರು ಯಾರಂತ ಗೊತ್ತಿತ್ತು, ಕೆಲಸ ಏನಂತ ಗೊತ್ತಿತ್ತು, ಮುಗದ ಮ್ಯಾಲೆ ಮನಿ ಯಾರ ಕೈಗೆ ಒಪ್ಪಸಬೇಕಂತ ಗೊತ್ತಿತ್ತು. 1987ರಾಗ ಮೂರೂ ಗೊತ್ತಿರ್ಲಿಲ್ಲ. ಸೈನಿಕರ ಧೈರ್ಯದಾಗ ಏನೂ ಕಮ್ಮಿ ಇರ್ಲಿಲ್ಲ ಮತ್ತ, ಅದನ್ನ ಕಾಕಾ ಭಾಳ ಒತ್ತಿ ಹೇಳ್ತಾರ.

ಶ್ರೀಲಂಕಾದಾಗ ಇನ್ನೂ ಸಿಗಬಿದ್ದಾಗನ, 1988ರ ನವೆಂಬರ್ 3ಕ್ಕ ಮಾಲ್ಡೀವ್ಸ್ ಅಧ್ಯಕ್ಷ ಗಯೂಮ್ ಫೋನ್ ಮಾಡಿ ಉಳಸ್ರಿ ಅಂದ್ರು, ಬಾಡಿಗಿ ಬಂದೂಕಿನವ್ರು ಬಂದು ಮಾಲೆ ಹಿಡದಿದ್ರು. ಅದ ರಾತ್ರಿ ಆಗ್ರಾದಿಂದ ವಿಮಾನ ಹಾರಿ ಹುಲುಲೆ ಏರ್‌ಪೋರ್ಟಿಗೆ ಪ್ಯಾರಾ ಸೈನಿಕರು ಇಳದ್ರು, ಬೆಳಗಾಗೂದ್ರಾಗ ಗಯೂಮ್ ಸುರಕ್ಷಿತ. ಕೆಲಸ ಮುಗೀತು, ಹೆಚ್ಚಿನವ್ರು ಸ್ವಲ್ಪ ದಿನದಾಗ ವಾಪಸ್. ಇದರ ಬಾಲ ಒಂದ ಉಳದೈತಿ, ಕಡೀಕ ಹೇಳ್ತೀನಿ.

ಇಷ್ಟೆಲ್ಲಾ ಓದಿದವ್ರು ಹಂಗಾರ ಸುಮ್ನ ಇರೂದ ಚಲೋ ಅಂತೀರಿ. ಎರಡನೇ ದೋಸ್ತಂದು ಅದ ವಾದ. ಅವಂಗ ನಾ ಹೇಳೂದು ಆಫ್ರಿಕಾದ ರುವಾಂಡಾ. 1994ರ ಏಪ್ರಿಲ್‌ನ್ಯಾಗ ಅಲ್ಲಿ ಹುಟು ಜನಾಂಗದ ಉಗ್ರರು ಟುಟ್ಸಿ ಜನಾಂಗದವ್ರನ್ನ ಕೊಲ್ಲಾಕ ಶುರು ಮಾಡಿದ್ರು, ಹೆಚ್ಚಿನ ಕಡೆ ಬಾಂಬಿನಿಂದ ಅಲ್ಲ, ಮಚ್ಚಿನಿಂದ, ರೇಡಿಯೋದಾಗ ಹೆಸರ ಓದಿ ಓದಿ. ನೂರ ದಿನದಾಗ ಸುಮಾರು 8 ಲಕ್ಷ ಮಂದಿ. ವಿಶ್ವಸಂಸ್ಥೆಯ ಪಡೆ ಅಲ್ಲೇ ಇತ್ತು, ಕೆನಡಾದ ಜನರಲ್ ಡಲೇರ್ ಕೈಕೆಳಗ, ಅವರು ಇನ್ನಷ್ಟ ಮಂದಿ ಕಳಸ್ರಿ ಅಂತ ಬಡ್ಕೊಂಡ್ರು. ಹತ್ತ ಬೆಲ್ಜಿಯಂ ಸೈನಿಕರು ಸತ್ತ ಮ್ಯಾಲೆ ಬೆಲ್ಜಿಯಂ ತನ್ನವ್ರನ್ನ ಕರ್ಕೊಂಡ ಹೋತು, ಭದ್ರತಾ ಮಂಡಳಿ ಎರಡೂವರೆ ಸಾವಿರ ಇದ್ದ ಪಡೇನ 270ಕ್ಕ ಇಳಸಾಕ ಠರಾವು ಮಾಡ್ತು. ಏರಸಲಿಲ್ಲ, ಇಳಿಸ್ತು. ಅಮೆರಿಕಾದ ಅಧಿಕಾರಿಗಳು ನರಮೇಧ ಅನ್ನೂ ಶಬ್ದ ಬಾಯಾಗ ಬರಬಾರ್ದಂತ ಸುತ್ತಿ ಸುತ್ತಿ ಮಾತಾಡಿದ್ರು, ಯಾಕಂದ್ರ ಆ ಶಬ್ದ ಅಂದ್ರ ಏನರ ಮಾಡಬೇಕಾಗ್ತೈತಿ. ಅವರ ಅಂಜಿಕಿಗೂ ಕಾರಣ ಇತ್ತು, ಆರ ತಿಂಗಳ ಹಿಂದ ಸೊಮಾಲಿಯಾದ ಮೊಗದಿಶುದಾಗ ಒಂದ ದಿನದ ಕಾಳಗದಾಗ 18 ಅಮೆರಿಕನ್ ಸೈನಿಕರು ಸತ್ತಿದ್ರು, ಊಟ ಮುಟ್ಟಸಾಕ ಅಂತ ಹೋದ ಊರಾಗ. ಒಂದ ಕಡೆ ಕೈ ಸುಟ್ಕೊಂಡವ್ರು ಇನ್ನೊಂದ ಕಡೆ ಮನಿ ಸುಡೂದನ್ನ ನಿಂತ ನೋಡಿದ್ರು. 1998ರಾಗ ಅಮೆರಿಕಾ ಅಧ್ಯಕ್ಷ ಕ್ಲಿಂಟನ್ ರುವಾಂಡಾದ ರಾಜಧಾನಿ ಕಿಗಾಲಿಗೆ ಹೋಗಿ ನಾವು ಸಾಕಷ್ಟ ಮಾಡಲಿಲ್ಲ ಅಂತ ಒಪ್ಕೊಂಡ್ರು. ಹೋಗದೇ ಇರೂದೂ ಒಂದ ನಿರ್ಧಾರ, ಅದರ ಹೆಣಾನೂ ಯಾರದೋ ಲೆಕ್ಕದಾಗ ಬರ್ತಾವ.

ಅದ ಪಶ್ಚಾತ್ತಾಪದಾಗ, ಮತ್ತ 1995ರಾಗ ಬೋಸ್ನಿಯಾದ ಸ್ರೆಬ್ರೆನಿಚಾದಾಗ ಸುಮಾರು 8,000 ಗಂಡಸ್ರು ಹುಡುಗ್ರನ್ನ ವಿಶ್ವಸಂಸ್ಥೆ ಪಡೆ ಇದ್ದಾಗನ ಕೊಂದ ಮ್ಯಾಲೆ, 1999ರಾಗ ಸರ್ಬಿಯಾದ ಕೈಕೆಳಗಿದ್ದ ಕೊಸೊವೋ ವಿಷಯದಾಗ ನ್ಯಾಟೋ ಕಾಯಲಿಲ್ಲ. ರಷ್ಯಾ ವೀಟೋ ಹಾಕ್ತೈತಿ ಅಂತ ಗೊತ್ತಿತ್ತು, ಮಂಡಳಿ ಒಪ್ಪಿಗಿ ಇಲ್ದ 78 ದಿನ ಸರ್ಬಿಯಾ ಮ್ಯಾಲೆ ಬಾಂಬ್ ಹಾಕಿದ್ರು. ಓಡಿ ಹೋದ ಲಕ್ಷಾಂತರ ಕೊಸೊವೋ ಮಂದಿ ಮನಿಗೆ ವಾಪಸ್ ಬಂದ್ರು. ಕೆಲಸ ಆತು, ಆದ್ರ ಬಾಗಲ ಮುರದಿತ್ತು. 2022ರಾಗ ಪುಟಿನ್ ಉಕ್ರೇನ್ ಒಳಗ ಹೋಗೂಮುಂದ ಮಾಡಿದ ಭಾಷಣ ಕೇಳ್ರಿ, ಉಕ್ರೇನಿನ ಪೂರ್ವಕ್ಕಿರೂ ಡೊನ್‌ಬಾಸ್‌ನ್ಯಾಗ ನರಮೇಧ ನಡದೈತಿ, ಅಲ್ಲಿ ಮಂದಿ ನಮ್ಮನ್ನ ಕರದಾರ, ಮತ್ತ ನಾನು ಮೊದಲ ಹೇಳಿದ ಅದ 51ನೇ ಕಲಮು. ನ್ಯಾಟೋ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್ ಮ್ಯಾಲೆ ಬಾಂಬ್ ಹಾಕಿದ್ದನ್ನೂ ಎತ್ತಿ ತೋರ್ಸಿದ. ಕೊಸೊವೋದಾಗ ಇದ್ದ ಸಂಕಟ ಖರೆ, ಡೊನ್‌ಬಾಸಿನ ನರಮೇಧದ ಮಾತಿಗೆ ಪುರಾವೆ ಇಲ್ಲ, ಎರಡೂ ಒಂದ ಅಲ್ಲ ಅಂತ ನನ್ನ ಅಭಿಪ್ರಾಯ. ಆದ್ರ ಒಳ್ಳೇ ಕೆಲಸಕ್ಕಂತ ಮುರದ ಬೇಲಿ ಒಳಗ ದನ ಹೊಕ್ಕಾಗ ಬೇಲಿ ಎಲ್ಲೈತಿ ಅಂತ ಕೇಳಿದ್ರ ಏನ್ ಹೇಳ್ತೀರಿ?

ಲಿಬಿಯಾದಾಗ ಮತ್ತ ಬ್ಯಾರೆ ಥರ ಕೆಟ್ಟಿತು. ಅದಕ್ಕ ಒಪ್ಪಿಗಿ ಇತ್ತು. 2011ರ ಮಾರ್ಚ್ 17ಕ್ಕ 1973ನೇ ನಂಬರಿನ ಠರಾವು 10 ಓಟಿನಿಂದ ಪಾಸಾತು, ಐದ ದೇಶ ಓಟ ಹಾಕಲಿಲ್ಲ, ಅದರಾಗ ಭಾರತಾನೂ ಒಂದು. ಠರಾವಿನ್ಯಾಗ ಇದ್ದಿದ್ದು ನಾಗರಿಕರನ್ನ ಕಾಪಾಡ್ರಿ ಅಂತ, ಬೆಂಗಾಜಿ ಊರಿನ ಮ್ಯಾಲೆ ಲಿಬಿಯಾ ಆಳತಿದ್ದ ಗದ್ದಾಫಿಯ ಸೈನ್ಯ ಬರಾಕತ್ತಿತ್ತು. ಆದ್ರ ಬಾಂಬ್ ಹಾಕೂದು ನಿಂತಿದ್ದು ಗದ್ದಾಫಿ ಸತ್ತ ಮ್ಯಾಲೆ, ಅಕ್ಟೋಬರ್‌ನ್ಯಾಗ. ಕಾಪಾಡೂದು ಹೋಗಿ ಕುರ್ಚಿ ಬದಲಿಸೂದು ಆತು. ಆಮ್ಯಾಲೆ ಎಲ್ಲಾರೂ ಮನಿಗೆ ಹೋದ್ರು, ಲಿಬಿಯಾ ಎರಡ ಸರ್ಕಾರ, ನೂರ ಬಂದೂಕಿನ ಗುಂಪಾಗಿ ಹರಕೊಂಡಿತು, ಹತಾರ ಮರುಭೂಮಿ ದಾಟಿ ಮಾಲಿ ದೇಶಕ್ಕ ಹೋದ್ವು. ಒಬಾಮಾ ತಾನ ಮುಂದ ಒಪ್ಕೊಂಡ, ಗದ್ದಾಫಿ ಹೋದ ಮರುದಿನಕ್ಕ ಏನಂತ ತಯಾರಿ ಮಾಡ್ಕೊಳ್ಳಲಿಲ್ಲ, ಅದ ನನ್ನ ದೊಡ್ಡ ತಪ್ಪು ಅಂತ. ಅಂದ್ರ ದೌಡ ಹೊರಗ ಬಂದ್ರ ಸಾಕು ಅಂತಾನೂ ಅಲ್ಲ ನೋಡ್ರಿ, ಮನಿ ಯಾರ ಕೈಗೂ ಕೊಡದ ಬಾಗಲ ತಗದಿಟ್ಟು ಬರೂದೂ ಒಂದ ಥರದ ಪಾಪ.

ಇರಾಕ್ ಬಗ್ಗೆ ಭಾಳ ಬರಿಯೂದಿಲ್ಲ, ಎಲ್ಲಾರಿಗೂ ಗೊತ್ತಿದ್ದದ್ದ. 2003ರಾಗ ಸಾಮೂಹಿಕ ನಾಶದ ಹತಾರ ಅದಾವ ಅಂತ ಹೋದ್ರು, ಹುಡುಕಿದ್ರ ಸಿಗಲಿಲ್ಲ. ಒಂದ ಮಾತು ಮಾತ್ರ. ಆ ವರ್ಷ ಮೇ ತಿಂಗಳಿನ್ಯಾಗ ಅಮೆರಿಕಾದ ಆಡಳಿತಗಾರ ಪಾಲ್ ಬ್ರೆಮರ್ ಇಡೀ ಇರಾಕ್ ಸೈನ್ಯಾನ ಒಂದ ಆದೇಶದಾಗ ಬರ್ಖಾಸ್ತ್ ಮಾಡಿದ. ಲಕ್ಷಾಂತರ ಗಂಡಸ್ರು, ಕೈಯಾಗ ಕೆಲಸ ಇಲ್ಲ, ಮನ್ಯಾಗ ಬಂದೂಕ ಐತಿ. ಅವರಾಗ ಎಷ್ಟೋ ಮಂದಿ ಹತ್ತ ವರ್ಷದ ಮ್ಯಾಲೆ ಐಸಿಸ್ ಸೈನ್ಯದ ದಂಡನಾಯಕರಾಗಿ ಕಂಡ್ರು, 2014ರಾಗ ಮೊಸುಲ್ ಬಿತ್ತು, ಅಲ್ಲಿ ಕೂಲಿಗೆ ಹೋಗಿದ್ದ ನಮ್ಮ 39 ಭಾರತೀಯರನ್ನ ಕೊಂದ್ರು. ಮತ್ತ ಇದು ಭಾಳ ಮಂದಿಗೆ ಮರತೈತಿ, ಅದ 2003ರಾಗ ಅಮೆರಿಕಾ ನಮಗೂ ಸೈನ್ಯ ಕಳಸ್ರಿ ಅಂತ ಕೇಳಿತ್ತು. ದಿಲ್ಲ್ಯಾಗ ಕಳಸೋಣ ಅನ್ನೂ ಮಂದೀನೂ ಇದ್ರು. ವಾಜಪೇಯಿ ಸರ್ಕಾರ ಜುಲೈನ್ಯಾಗ, ವಿಶ್ವಸಂಸ್ಥೆ ಆದೇಶ ಇಲ್ದ ಆಗೂದಿಲ್ಲ ಅಂತು. ಹೂಂ ಅಂದಿದ್ರ ನಮ್ಮ ಓಣ್ಯಾಗ ಇವತ್ತ ಇನ್ನೂ ಒಂದೆರಡ ಕಾಕಾ ಕತಿ ಹೇಳಾಕ ಇರ್ತಿದ್ರು, ಇಲ್ಲಾ ಇರ್ತಿರಲಿಲ್ಲ.

ಅಫ್ಗಾನಿಸ್ತಾನ ಅಂತೂ ಇಪ್ಪತ್ತ ವರ್ಷ. 2001ರಾಗ ತಾಲಿಬಾನ್ ಓಡ್ಸಿದ್ರು, 2021ರ ಆಗಸ್ಟ್ 15ಕ್ಕ ತಾಲಿಬಾನ್ ಕಾಬೂಲಿಗೆ ವಾಪಸ್ ಬಂದ್ರು. ಅವರಿಗಿಂತ ಮೊದಲ ರಷ್ಯಾದವ್ರು ಒಂಬತ್ತ ವರ್ಷ ಕುಂತು ಸುಮಾರು 15,000 ಸೈನಿಕರನ್ನ ಕಳ್ಕೊಂಡು ಹೋಗಿದ್ರು. ಇಬ್ಬರೂ ಮಾಡಿದ ತಪ್ಪು ಒಂದ ಥರದ್ದು, ಕಾಬೂಲಿನ್ಯಾಗ ಸರ್ಕಾರ ಕಟ್ಟಿದ್ರು, ಆ ಸರ್ಕಾರ ನಿಂತಿದ್ದು ಹೊರಗಿನವ್ರ ರೊಕ್ಕದ ಮ್ಯಾಲೆ, ಹಳ್ಳ್ಯಾಗಿನ ಮಂದಿ ಅದನ್ನ ತಮ್ಮದು ಅನ್ಲಿಲ್ಲ.

ಹಿಂಗಾಗಿ ನನಗ ಯಾರರ ಹೋಗಬೇಕೋ ಬ್ಯಾಡೋ ಅಂತ ಕೇಳಿದ್ರ ಆ ಪ್ರಶ್ನೆನ ಅರ್ಧಾ ಅಂತೀನಿ. ಎದುರಿಗೆ ಮಂದಿ ಸಾಯಾಕತ್ತಾರ, ನಾಳೆ ಸಾಯಬಹುದು ಅಂತಲ್ಲ, ಇವತ್ತ ಸಾಯಾಕತ್ತಾರ, ಮತ್ತ ಸುತ್ತಲಿನ ದೇಶದವ್ರೂ ಹೋಗ್ರಿ ಅನ್ನಾಕತ್ತಾರ, ಅಂದ್ರ ಹೋಗಬೇಕು, ಸ್ವಾರ್ಥ ಇದ್ರೂ ಇರ್ಲಿ. ಆದ್ರ ಹೋಗೂ ದಿನಾನ ಹೇಳಬೇಕು, ಯಾವ ಕೆಲಸ ಮುಗದ್ರ ನಮ್ಮ ಕೆಲಸ ಮುಗೀತು, ಯಾರ ಕೈಗೆ ಕೊಟ್ಟ ಬರ್ತೀವಿ, ಮತ್ತ ಅವರನ್ನ ಅಲ್ಲಿಯ ಮಂದಿ ಒಪ್ಪತಾರೇನು. ಇದನ್ನ ಹೇಳಾಕ ಆಗದವ್ರು ಅಕ್ಕಿ ಕಳಸ್ಲಿ, ಔಷಧ ಕಳಸ್ಲಿ, ಓಡಿ ಬಂದವ್ರಿಗೆ ಬಾಗಲ ತೆಗೀಲಿ, ಸೈನ್ಯ ಬ್ಯಾಡ. ಸರ್ಕಾರ ಬದಲಿಸೂದಕ್ಕ ಅಂತ ಹೋಗೂದಂತೂ ಬ್ಯಾಡನ ಬ್ಯಾಡ, ಇಷ್ಟರಾಗ ನೆಟ್ಟಗ ಆಗಿದ್ದು ನನಗೆಲ್ಲೂ ಕಾಣ್ಸಲಿಲ್ಲ. ಸಣ್ಣ ಸೈನ್ಯ, ಸಣ್ಣ ಗುರಿ ಇಟ್ಕೊಂಡು ಹೋದವ್ರು ಗೆದ್ದಿದ್ದು ಐತಿ, 2000ದಾಗ ಆಫ್ರಿಕಾದ ಸಿಯೆರಾ ಲಿಯೋನ್‌ದಾಗ ಬ್ರಿಟನ್ ಹಂಗ ಮಾಡ್ತು. ನನ್ನ ಲೆಕ್ಕದಾಗ ಬರದ ಕಷ್ಟದ ಕೇಸು ಒಂದೈತಿ, ಕೊಲ್ಲಾಕತ್ತಂವನ ಕೈಯಾಗ ಅಣುಬಾಂಬ್ ಇದ್ರ, ಇಲ್ಲಾ ವೀಟೋ ಇದ್ರ. ಅಲ್ಲಿ ನ್ಯಾಯ ಇಲ್ಲ, ಹತ್ತ ಕಡೆಯಿಂದ ಹೋಗಿ ನೋಡಿದ್ರೂ ಸಣ್ಣ ದೇಶಕ್ಕ ಒಂದ ಕಾಯ್ದೆ, ದೊಡ್ಡ ದೇಶಕ್ಕ ಒಂದ ಕಾಯ್ದೆ ಅಂತನ ಆಗ್ತೈತಿ.

ಇನ್ನ ಮಾಲ್ಡೀವ್ಸ್ ಬಾಲ. 2023ರಾಗ ಅಲ್ಲಿ ಮುಯಿಝು ಅನ್ನೂವ್ರು "ಇಂಡಿಯಾ ಔಟ್" ಅನ್ಕೋತ ಎಲೆಕ್ಷನ್ ಗೆದ್ರು. ಅಲ್ಲಿದ್ದಿದ್ದು ನಮ್ಮ 90ಕ್ಕಿಂತ ಕಮ್ಮಿ ಸೈನಿಕರು, ಎರಡ ಹೆಲಿಕಾಪ್ಟರ್, ಒಂದ ಡೋರ್ನಿಯರ್ ವಿಮಾನ ನೋಡ್ಕೊಳ್ಳಾಕ, ಪೇಷಂಟ್ ಸಾಗಿಸೂ ಕೆಲಸಾನೂ ಮಾಡ್ತಿದ್ವು. 2024ರ ಮೇ 10ರೊಳಗ ಹೋಗಬೇಕು ಅಂದ್ರು. ಭಾರತ ಅವರನ್ನ ಕರಸ್ಕೊಂಡು ಆ ಜಾಗಾಕ್ಕ ಮಿಲಿಟರಿ ಅಲ್ಲದ ಟೆಕ್ನಿಷಿಯನ್ನರನ್ನ ಕಳಿಸ್ತು.

ಕಟ್ಟಿ ಮ್ಯಾಲೆ ಇದನ್ನ ಹೇಳಿದಾಗ ಮೊದಲ್ನೇ ದೋಸ್ತಗ ಸಿಟ್ಟ ಬಂತು. "88ರಾಗ ಒಂದ ರಾತ್ರ್ಯಾಗ ಹೋಗಿ ಜೀಂವಾ ಉಳಿಸಿದವ್ರಿಗೆ ಹಿಂಗ ಅನ್ನೂದೇನ್ರಿ ಕಾಕಾ?"

ಕಾಕಾ ಚಪ್ಪಲಿ ಹುಡಿಕ್ಕೋತ ಅಂದ್ರು, "ಅವರ ಮನಿ. ಹೋಗು ಅಂದ್ರು, ಹೋದ್ರು. ನಮಗ 89ರಾಗ ಹೋಗ್ರಿ ಅಂದ ಮ್ಯಾಲೆ ನಾವು ಒಂಬತ್ತ ತಿಂಗಳ ಅಲ್ಲೇ ಇದ್ವಿ. ಆ ಒಂಬತ್ತ ತಿಂಗಳಿನ್ಯಾಗ ನಾ ಎಷ್ಟ ಗಾಡಿ ರಿಪೇರಿ ಮಾಡೀನಿ ಅಂತ ಲೆಕ್ಕ ಇಟ್ಟಿಲ್ಲ."